ಮಿಶನ್ ಶಾಲೆಯ ಎರಡು ಬಾಗಿಲು

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಕದ ಅರ್ಧ ಮುಚ್ಚಿ ಬಂದವರೂ ಇದ್ದೀರಿ. ಪಗಾರ, ಬೋನಸ್, ತುಟ್ಟಿಭತ್ಯೆ ಎಂದರೆ ಸಭೆ ತುಂಬುವುದು ನಮಗೆ ಹೊಸದಲ್ಲ. ಮಕ್ಕಳ ಶಾಲೆಯ ವಿಷಯವೆಂದು ಕರಪತ್ರ ಹಂಚಿದಾಗಲೂ ಇಷ್ಟು ಜನ ಸೇರಿದ್ದೀರಿ ಎಂದಮೇಲೆ, ಈ ಚಿಂತೆ ಎಲ್ಲರ ಮನೆಯಲ್ಲೂ ಇದೆ ಎಂದೇ ಅರ್ಥ.

ಚಿಂತೆ ಇಷ್ಟೇ. ಮಗು ಐದನೆಯ ಇಯತ್ತೆ ಮುಗಿಸಿದೆ. ಆರನೆಯದಕ್ಕೆ ಎಲ್ಲಿ ಹಾಕಬೇಕು? ಓಣಿಯ ಸರ್ಕಾರಿ ಶಾಲೆಯೋ, ಮಿಶನ್ ಶಾಲೆಯೋ? ಆರು, ಏಳು, ಎಂಟು ಈ ಮೂರು ವರ್ಷಗಳನ್ನು ನಮ್ಮ ಹಿರಿಯರು ಮಿಡ್ಲ್ ಸ್ಕೂಲು ಎನ್ನುತ್ತಿದ್ದರು. ಈ ಸೀಮೆಯಲ್ಲಿ ಏಳನೆಯದರ ಕೊನೆಗೆ ಮುಲ್ಕಿ ಪರೀಕ್ಷೆ ಇತ್ತು. ಮುಲ್ಕಿ ಪಾಸಾದವನು ಮಾಸ್ತರನಾಗುತ್ತಿದ್ದ, ತಲಾಠಿಯಾಗುತ್ತಿದ್ದ. ನಪಾಸಾದವನು ಗಿರಣಿಗೆ ಬರುತ್ತಿದ್ದ. ಪರೀಕ್ಷೆಯ ಹೆಸರು ಹೋಯಿತು, ಜರಡಿ ಹೋಗಲಿಲ್ಲ. ಬಡವನ ಮಗು ಯಾವುದು, ಉಳ್ಳವನ ಮಗು ಯಾವುದು ಎಂದು ಬೇರ್ಪಡುವುದು ಇಂದಿಗೂ ಈ ಮೂರು ವರ್ಷಗಳಲ್ಲೇ.

ಮೊನ್ನೆ ನಮ್ಮ ಸಂಘದ ಸದಸ್ಯರೊಬ್ಬರು, ರಿಂಗ್ ಖಾತೆಯಲ್ಲಿ ದುಡಿಯುವವರು, ಮಗಳನ್ನು ಕರೆದುಕೊಂಡು ಇಂಥ ಒಂದು ಶಾಲೆಗೆ ಹೋದರು. ಜೊತೆಗೆ ನಾವೂ ಇಬ್ಬರು ಹೋಗಿದ್ದೆವು. ಹುಡುಗಿಯನ್ನು ಒಳಗೆ ಕರೆದು ಓದಿಸಿದರು. ಆಮೇಲೆ ತಂದೆಯನ್ನೂ ಕರೆದು, ನೀವೆಷ್ಟು ಓದಿದ್ದೀರಿ, ಮನೆಯಲ್ಲಿ ಇಂಗ್ಲಿಷ್ ಆಡುವವರು ಯಾರಿದ್ದಾರೆ ಎಂದು ಕೇಳಿದರು. ಕೊನೆಗೆ ಕೈಗೆ ಒಂದು ಚೀಟಿ ಕೊಟ್ಟರು. ಫೀ ಬೇರೆ, ಕಟ್ಟಡ ನಿಧಿ ಬೇರೆ, ಪುಸ್ತಕ ಬೇರೆ, ಎರಡು ಬಗೆಯ ಬೂಟು ಬೇರೆ. ಗೇಟಿನ ಹೊರಗೆ ಬಂದು ಆತ ಕೇಳಿದ್ದು ಒಂದೇ ಮಾತು: “ಇದು ಏಸುವಿನ ಶಾಲೆ ಅಂತಾರಲ್ರೀ, ಬಡವರಿಗೆ ಇಲ್ಲೇನು ಇಲ್ಲೇನು?” ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ಈ ಭಾಷಣ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಪಾದ್ರಿಗಳನ್ನು ಬಯ್ಯುವುದಕ್ಕೆ ನಾವು ಇಲ್ಲಿ ಸೇರಿಲ್ಲ. ಅವರ ಋಣ ನಮ್ಮ ನಾಡಿನ ಮೇಲಿದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ನಮ್ಮ ಸೀಮೆಯಲ್ಲೂ ಬೀಡುಬಿಟ್ಟರು. ಜರ್ಮನಿ ಸ್ವಿಟ್ಜರ್‌ಲೆಂಡುಗಳಿಂದ ಬಂದ ಈ ಜನ ಮೊದಲು ಮಾಡಿದ ಕೆಲಸ ತಾವೇ ಕುಳಿತು ಕನ್ನಡ ಕಲಿತದ್ದು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಇಟ್ಟರು. 1843ರಲ್ಲಿ ಮೋಗ್ಲಿಂಗ್ ಸಾಹೇಬರು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. 1853ರಲ್ಲಿ ಬಂದ ಕಿಟ್ಟೆಲರು ವರ್ಷಗಟ್ಟಲೆ ದುಡಿದು ಕಟ್ಟಿದ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಮಕ್ಕಳ ಕೈಗೆ ಕೊಡಲು ಪಾಠಪುಸ್ತಕವೇ ಇಲ್ಲದ ಕಾಲದಲ್ಲಿ ಅವನ್ನು ಬರೆದು, ಅಚ್ಚು ಹಾಕಿ ಹಂಚಿದವರು ಅವರು. ಇಂಗ್ಲಿಷ್ ಶಾಲೆಯನ್ನೂ ನಡೆಸಿದರು, ಕನ್ನಡ ಶಾಲೆಯನ್ನೂ ನಡೆಸಿದರು.

ಆಗ ಸರ್ಕಾರದ ಶಾಲೆ ಹೇಗಿತ್ತು ಎಂಬುದಕ್ಕೆ ನಮ್ಮ ಧಾರವಾಡದ್ದೇ ಸಾಕ್ಷಿಯಿದೆ. 1856ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಒಬ್ಬ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಫೀ ಕೊಡಲು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಅವನ ದೂರು. ನ್ಯಾಯ ಹುಡುಗನ ಕಡೆಗಿದೆ ಎಂದು ಮುಂಬಯಿ ಸರ್ಕಾರ ಒಪ್ಪಿಕೊಂಡಿತು. ಆದರೆ ಅವನೊಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರು ಎಂದು ಬಾಗಿಲು ತೆರೆಯಲಿಲ್ಲ. ಮಾತು ಕಲಕತ್ತೆಗೆ ಹೋಯಿತು, ಲಂಡನ್ನಿಗೂ ಹೋಯಿತು. ಸರ್ಕಾರದ ಹಣದಿಂದ ನಡೆಯುವ ಶಾಲೆ ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು 1858ರಲ್ಲಿ ಕಂಪನಿಯ ಡೈರೆಕ್ಟರುಗಳು ಬರೆದರು. ಕಾಗದದ ಮೇಲೆ ಬರೆದದ್ದು ಊರಿನಲ್ಲಿ ನಡೆಯಲು ಇನ್ನೂ ಬಹಳ ಕಾಲ ಹಿಡಿಯಿತು. ಅರ್ಜಿ ಕೊಟ್ಟ ಆ ಹುಡುಗ ನಮ್ಮ ಚಳವಳಿಯ ಹಿರಿಯ. ಅವನ ಹೆಸರಿನಲ್ಲಿ ನಾವು ಈ ಸಭೆ ಕರೆದಿದ್ದರೂ ತಪ್ಪಾಗುತ್ತಿರಲಿಲ್ಲ.

ಪುಣೆಯಲ್ಲಿ ಮಾಳಿಗರ ಮನೆಯ ಹುಡುಗನೊಬ್ಬ 1841ರಲ್ಲಿ ಸ್ಕಾಟಿಶ್ ಮಿಶನ್ನಿನ ಇಂಗ್ಲಿಷ್ ಶಾಲೆಗೆ ಸೇರಿದ. ಕೆಲವು ವರ್ಷ ಓದು ಬಿಟ್ಟು ಹೊಲದಲ್ಲಿ ದುಡಿದವನು ಮತ್ತೆ ಬಂದು ಕುಳಿತದ್ದು ಆ ಶಾಲೆಯ ಬೆಂಚಿನ ಮೇಲೆ. ಅವರೇ ಜೋತಿಬಾ ಫುಲೆ. 1848ರಲ್ಲಿ ಹೆಣ್ಣುಮಕ್ಕಳಿಗಾಗಿ ತಾವೇ ಶಾಲೆ ತೆರೆದರು. 1882ರಲ್ಲಿ ಹಂಟರ್ ಆಯೋಗದ ಮುಂದೆ, ರೈತನ ಬೆವರಿನಿಂದ ಬಂದ ಕಂದಾಯವನ್ನು ಮೇಲಿನವರ ಕಾಲೇಜಿಗೆ ಸುರಿಯುತ್ತೀರಿ, ರೈತನ ಮಗುವಿಗೆ ಅಕ್ಷರವಿಲ್ಲ ಎಂದು ಆಪಾದಿಸಿದರು. ಹನ್ನೆರಡು ವರ್ಷದವರೆಗೆ ಕಡ್ಡಾಯ ಶಿಕ್ಷಣ ಬೇಕೆಂದರು. ಮಿಶನ್ ಶಾಲೆಯ ಮಿಡ್ಲ್ ತರಗತಿಗಳು ಒಬ್ಬ ಬಡ ಹುಡುಗನನ್ನು ಏನು ಮಾಡಬಲ್ಲವು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಫುಲೆಯವರು ಕ್ರೈಸ್ತರಾಗಲಿಲ್ಲ ಎಂಬುದನ್ನೂ ನೆನಪಿನಲ್ಲಿಡಿ. ಅಕ್ಷರ ತೆಗೆದುಕೊಂಡರು, ಅದನ್ನು ತಮ್ಮ ಜನಕ್ಕೆ ತಿರುಗಿಸಿ ಕೊಟ್ಟರು.

ಹಾಗೆಂದು ಮಿಶನ್ನನ್ನು ದೇವರ ಗೂಡಿನಲ್ಲಿಟ್ಟು ಪೂಜಿಸಬೇಕಾಗಿಲ್ಲ. ಶಾಲೆಯ ಹಿಂದೆ ಮತಪ್ರಚಾರದ ಉದ್ದೇಶವಿತ್ತು. ಅವರೇ ಅದನ್ನು ಮುಚ್ಚಿಡಲಿಲ್ಲ. ಮತ ಬದಲಿಸಿದವನನ್ನು ಜಾತಿ ಹೊರಹಾಕಿದಾಗ ಅವನ ಹೊಟ್ಟೆಗೆ ಕೆಲಸ ಬೇಕಾಯಿತು. ಅದಕ್ಕಾಗಿ ನೇಯ್ಗೆಯ ಕಾರ್ಖಾನೆ ಹುಟ್ಟಿತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹುಟ್ಟಿತು. ಕಲಿಸುವವನೂ ಅವನೇ, ಕೆಲಸ ಕೊಡುವ ಮಾಲೀಕನೂ ಅವನೇ, ಭಾನುವಾರ ಬುದ್ಧಿ ಹೇಳುವವನೂ ಅವನೇ ಎಂದಾಗ ಕೂಲಿಯವನಿಗೆ ಬಾಯಿ ಎಲ್ಲಿಂದ ಬರಬೇಕು? ಗಿರಣಿಯ ಚಾಳಿನಲ್ಲಿ ಬಾಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬಾಗಿಲು ತೆರೆದಿತ್ತು ಎಂಬುದು ಸತ್ಯ. ಅದನ್ನು ನೋಡಿಯೇ ನಮ್ಮವರೂ ಎದ್ದರು. ಮಂಗಳೂರಿನ ಕುದ್ಮುಲ್ ರಂಗರಾಯರು 1892ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದು ತಮ್ಮ ಜಾತಿಯವರ ಬಹಿಷ್ಕಾರ ಉಂಡರು.

ಈಗ ಇಂದಿಗೆ ಬರೋಣ. ಯಾವುದೇ ಹಳೆಯ ಮಿಶನ್ ಆವರಣದೊಳಗೆ ಹೋಗಿ ನೋಡಿ. ಹಲವು ಕಡೆ ಒಂದೇ ಗೋಡೆಯೊಳಗೆ ಎರಡು ಶಾಲೆಗಳಿವೆ. ಒಂದು ಅನುದಾನಿತ ಕನ್ನಡ ಶಾಲೆ. ಅಲ್ಲಿನ ಮಾಸ್ತರರ ಪಗಾರ ಸರ್ಕಾರದ ಖಜಾನೆಯಿಂದ ಬರುತ್ತದೆ, ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವಿದೆ. ಖಾಸಗಿಯವರು ನಡೆಸುವ ಶಾಲೆಗೆ ಸರ್ಕಾರ ಸಹಾಯಧನ ಕೊಡುವ ಈ ಪದ್ಧತಿ 1854ರ ವುಡ್ ಸಾಹೇಬನ ಪತ್ರದಿಂದ ಬಂದದ್ದು. ಆದರೆ ನಿವೃತ್ತರಾದ ಮಾಸ್ತರರ ಜಾಗ ವರ್ಷಗಟ್ಟಲೆ ತುಂಬುವುದಿಲ್ಲ, ಹಂಚು ಸೋರುತ್ತದೆ, ಮಕ್ಕಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಾರೆ. ಅದೇ ಆವರಣದ ಇನ್ನೊಂದು ಬದಿಗೆ ಹೊಸ ಕಟ್ಟಡ, ಅನುದಾನರಹಿತ ಇಂಗ್ಲಿಷ್ ಶಾಲೆ. ಅಲ್ಲಿ ಫೀ ಇದೆ, ಬಸ್ಸಿದೆ, ಸರತಿಯ ಸಾಲಿದೆ. ಒಂದೇ ಶಿಲುಬೆಯ ಕೆಳಗೆ ಎರಡು ಬಾಗಿಲು. ಪುಕ್ಕಟೆಯ ಬಾಗಿಲು ತುಕ್ಕು ಹಿಡಿಯುತ್ತಿದೆ, ಹಣದ ಬಾಗಿಲು ಹೊಳೆಯುತ್ತಿದೆ. ನಮ್ಮ ಜಗಳ ಶಿಲುಬೆಯೊಡನೆ ಅಲ್ಲ, ಆ ಎರಡನೆಯ ಬಾಗಿಲಿನ ಸುಂಕದೊಡನೆ. ಈ ಸುಂಕ ಕ್ರೈಸ್ತರ ಶಾಲೆಯಲ್ಲಿ ಮಾತ್ರ ಇದೆಯೆಂದೂ ಯಾರೂ ತಿಳಿಯಬಾರದು. ಮಠದ ಹೆಸರಿನಲ್ಲಿ, ಜಾತಿಯ ಹೆಸರಿನಲ್ಲಿ, ಶಾಸಕರ ಹೆಸರಿನಲ್ಲಿ ನಡೆಯುವ ಶಾಲೆಗಳಲ್ಲೂ ಅದೇ ಚೀಟಿ ಕೊಡುತ್ತಾರೆ. ಒಬ್ಬ ಸಿಸ್ಟರೂ ಇಲ್ಲದ ಎಷ್ಟೋ ಶಾಲೆಗಳು ಕಾನ್ವೆಂಟ್ ಎಂದು ಬೋರ್ಡು ಹಾಕಿಕೊಂಡಿವೆ!

ಕಾನೂನು ಏನು ಹೇಳುತ್ತದೆ? ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ವಿದ್ಯಾಸಂಸ್ಥೆ ಕಟ್ಟಿ ನಡೆಸಬಹುದೆಂದು ಸಂವಿಧಾನದ 30ನೆಯ ವಿಧಿ ಹೇಳುತ್ತದೆ. ಈ ಹಕ್ಕನ್ನು ನಾವು ಕಾಯುತ್ತೇವೆ. ದೊಡ್ಡ ಸಂಖ್ಯೆಯವರ ನಡುವೆ ಚಿಕ್ಕ ಸಂಖ್ಯೆಯವರು ಭಯವಿಲ್ಲದೆ ಬಾಳುವುದಕ್ಕೆ ಅದು ಬೇಕು. ಆದರೆ ಕೇರಳದ ಶಿಕ್ಷಣ ಮಸೂದೆಯ ಬಗ್ಗೆ 1958ರಲ್ಲಿ ಅಭಿಪ್ರಾಯ ಕೊಟ್ಟಾಗಲೇ ಸುಪ್ರೀಂ ಕೋರ್ಟು, ನಡೆಸುವ ಹಕ್ಕೆಂದರೆ ಕೆಟ್ಟದಾಗಿ ನಡೆಸುವ ಹಕ್ಕಲ್ಲ ಎಂದು ಎಚ್ಚರಿಸಿತ್ತು.

2009ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆ ಬಂದಿತು. ಆರರಿಂದ ಹದಿನಾಲ್ಕು ವರ್ಷದವರಿಗೆ, ಅಂದರೆ ಎಂಟನೆಯ ತರಗತಿಯವರೆಗೆ, ಉಚಿತ ಮತ್ತು ಕಡ್ಡಾಯ ಶಿಕ್ಷಣ. ಖಾಸಗಿ ಶಾಲೆಗಳು ಕೆಳಗಿನ ತರಗತಿಯಲ್ಲಿ ನೂರಕ್ಕೆ 25 ಜಾಗಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಬಿಡಬೇಕು. ಸೇರಿಸುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಬಾರದು. ಇದೆಲ್ಲ ಬರೆದದ್ದಾಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಈ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ, ಅನುದಾನ ಪಡೆದವಕ್ಕೂ, ಅನ್ವಯಿಸದು ಎಂಬುದು ಒಂದು. ಮಾತೃಭಾಷೆಯಲ್ಲೇ ಕಲಿಸಬೇಕೆಂದು ಕರ್ನಾಟಕ ಸರ್ಕಾರ ಬಲವಂತ ಮಾಡುವಂತಿಲ್ಲ ಎಂಬುದು ಇನ್ನೊಂದು. ನಮ್ಮ ಮಕ್ಕಳ ಪಾಲಿಗೆ ಒಂದೇ ದಿನ ಎರಡು ಕದ ಮುಚ್ಚಿದವು. ಸಾಲದ್ದಕ್ಕೆ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಆ 25ರ ಪಾಲು ಸಿಗದು ಎಂದು 2019ರಿಂದ ನಮ್ಮ ರಾಜ್ಯವೇ ನಿಯಮ ಮಾಡಿಕೊಂಡಿತು. 2021ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಕೊಟ್ಟ ವರದಿಯ ಪ್ರಕಾರ, ಕ್ರೈಸ್ತ ಶಾಲೆಗಳಲ್ಲಿ ಓದುವವರಲ್ಲಿ ನೂರಕ್ಕೆ 74 ಮಂದಿ ಕ್ರೈಸ್ತರಲ್ಲ. ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನು ಕೂಡಿಸಿ ನೋಡಿದರೆ ಬಡ ಹಿಂದುಳಿದ ಮಕ್ಕಳು ನೂರಕ್ಕೆ ಒಂಬತ್ತೂ ಇಲ್ಲ. ಅಂದರೆ ಬಡ ಕ್ರೈಸ್ತನ ಮಗುವೂ ನಮ್ಮೊಡನೆ ಗೇಟಿನ ಹೊರಗೇ ನಿಂತಿದೆ. 2014ರ ಆ ತೀರ್ಪು ಸರಿಯೇ ಎಂದು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರೇ ಸಂದೇಹಪಟ್ಟು, ದೊಡ್ಡ ಪೀಠ ನೋಡಲಿ ಎಂದು ಮೇಲಕ್ಕೆ ಕಳಿಸಿದರು. ಕೋರ್ಟು ನೋಡುವವರೆಗೆ ನಾವು ಕೈಕಟ್ಟಿ ಕೂಡಬೇಕೆ?

ಇನ್ನು ಆ ಹೊಳೆಯುವ ಬಾಗಿಲಿನೊಳಗೆ ಹೋದ ಮಗು ಏನು ಕಲಿಯುತ್ತದೆ ಎಂಬುದನ್ನೂ ನೋಡೋಣ. ಶಿಸ್ತಿದೆ, ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತದೆ, ಮಾಸ್ತರರು ತಪ್ಪದೆ ಬರುತ್ತಾರೆ. ಇದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಐದರವರೆಗೆ ಕನ್ನಡದಲ್ಲಿ ಕಲಿತ ಮಗು ಆರನೆಯದಕ್ಕೆ ಒಮ್ಮೆಲೇ ಇಂಗ್ಲಿಷಿನಲ್ಲಿ ಗಣಿತ ವಿಜ್ಞಾನ ಓದಬೇಕು. ನಾವು ಮೊದಲು ಹೇಳಿದ ಸಂಗಾತಿಯ ನೆರೆಮನೆಯ ಹುಡುಗ ಅಂಥ ಶಾಲೆಯಲ್ಲೇ ಏಳನೆಯದರಲ್ಲಿದ್ದಾನೆ. ಒಂದು ಸಂಜೆ ‘ರೇಶಿಯೋ, ಪ್ರಪೋರ್ಶನ್’ ಎಂದು ಬಾಯಿಪಾಠ ಮಾಡುತ್ತ ಕುಳಿತಿದ್ದ. ಅವನ ತಂದೆ ಇಪ್ಪತ್ತು ವರ್ಷ ನೂಲಿನಲ್ಲೇ ದುಡಿದವನು. 840 ಗಜದ ಲಡಿ ಒಂದು ಪೌಂಡಿಗೆ ನಲವತ್ತು ತೂಗಿದರೆ ಅದು 40 ಕೌಂಟಿನ ನೂಲು. ಅಂದರೆ ಪೌಂಡಿಗೆ 33,600 ಗಜ. ಇಪ್ಪತ್ತರ ಕೌಂಟಾದರೆ ಅದರ ಅರ್ಧ. ಕೌಂಟು ಏರಿದಂತೆ ನೂಲು ಸಣ್ಣದಾಗುತ್ತದೆ. ಇದು ಅನುಪಾತವಲ್ಲದೆ ಮತ್ತೇನು? ತಂದೆಯ ಬೆರಳ ತುದಿಯಲ್ಲಿರುವ ಲೆಕ್ಕವನ್ನೇ ಮಗ ಬಾಯಿಪಾಠ ಮಾಡುತ್ತಿದ್ದಾನೆ. ಆದರೆ ಮಗ ಕೇಳಲಾರ, ತಂದೆ ಹೇಳಲಾರ. ನಡುವೆ ಒಂದು ಭಾಷೆಯ ಗೋಡೆ ಎದ್ದಿದೆ.

ಕಿರಾಣಿ ಅಂಗಡಿಯವರಿಗೂ ಇದೇ ಮಾತು. ಲಾಭ-ನಷ್ಟ, ಶೇಕಡಾ, ಸರಳ ಬಡ್ಡಿ, ಇವೇ ತಾನೆ ಮಿಡ್ಲ್ ಸ್ಕೂಲಿನ ಗಣಿತ? ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಮಗನಿಗೆ ಹೇಳಿಕೊಡಲು ಟ್ಯೂಶನ್ನಿಗೆ ಬೇರೆ ದುಡ್ಡು ತೆರುತ್ತೀರಿ. ಹನ್ನೊಂದರಿಂದ ಹದಿಮೂರು ವರ್ಷದ ಮಗು ತಂದೆತಾಯಿಯ ದುಡಿಮೆಯನ್ನು ಕಣ್ಣುಬಿಟ್ಟು ನೋಡುವ ವಯಸ್ಸಿನದು. ಆ ವಯಸ್ಸಿನಲ್ಲೇ ನಿನ್ನ ತಂದೆಗೆ ಏನೂ ತಿಳಿಯದು ಎಂದು ಶಾಲೆ ಕಲಿಸಿದರೆ, ನಾವು ಫೀ ಕೊಟ್ಟು ಮನೆ ಒಡೆಸಿಕೊಂಡಂತೆ ಆಗುವುದಿಲ್ಲವೆ? ಇಂಗ್ಲಿಷ್ ಬೇಡವೆಂದು ನಾವು ಹೇಳುವುದಿಲ್ಲ. ಒಂದು ಭಾಷೆಯಾಗಿ ಅದನ್ನು ಚೆನ್ನಾಗಿ ಕಲಿಸಿ, ಬಡವನ ಮಗುವಿಗೂ ಕಲಿಸಿ ಎನ್ನುತ್ತೇವೆ. ಲೆಕ್ಕವನ್ನು ಮಾತ್ರ ಮಗುವಿಗೆ ತಿಳಿಯುವ ಭಾಷೆಯಲ್ಲಿ ಹೇಳಿ.

ಪಾಠ ಹೇಳುವವರ ಸ್ಥಿತಿಯನ್ನೂ ಮರೆಯಬಾರದು. ಗೋವೆಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಒಂದು ಸಂಸ್ಥೆಯ ಶಾಲೆಯಿಂದ ಕೆಲಸ ಕಳೆದುಕೊಂಡ ಶಿಕ್ಷಕಿಯೊಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. ಶಾಲೆಯೂ ಉದ್ದಿಮೆಯೇ, ಆದರೆ ಶಿಕ್ಷಕ ‘ಕಾರ್ಮಿಕ’ನಲ್ಲ, ಔದ್ಯೋಗಿಕ ವಿವಾದ ಕಾಯಿದೆಯ ರಕ್ಷಣೆ ಅವನಿಗಿಲ್ಲ ಎಂದು 1988ರಲ್ಲಿ ತೀರ್ಪಾಯಿತು. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಯಿಟಿ ಕೊಡಬೇಕೆಂದು ಕೋರ್ಟು ಗಟ್ಟಿಯಾಗಿ ಹೇಳಿದ್ದು 2022ರಲ್ಲಿ. ನಾವು ಸಾಲ ಮಾಡಿ ಕಟ್ಟಿದ ಫೀ ಎಲ್ಲಿಗೆ ಹೋಗುತ್ತದೆ, ಕಲಿಸುವ ಅಕ್ಕೋರ ಕೈಗೆ ಎಷ್ಟು ಬರುತ್ತದೆ ಎಂದು ಕೇಳುವ ಅಧಿಕಾರ ನಮಗಿಲ್ಲವೆ? ಗೇಟಿನ ಒಳಗಿನ ಅವರೂ ಹೊರಗಿನ ನಾವೂ ಒಂದೇ ಬಳ್ಳಿಯ ಕಾಯಿಗಳು.

ಇಲ್ಲಿ ಒಂದು ಎಚ್ಚರಿಕೆ. ಇದೇ ಗೇಟಿನ ಮುಂದೆ ಬೇರೆ ಕೆಲವರೂ ಬಂದು ಕೂಗುತ್ತಾರೆ. ಮತಾಂತರ ಎನ್ನುತ್ತಾರೆ, ಬೈಬಲ್ ಎನ್ನುತ್ತಾರೆ. ಅವರು ಫೀ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಸರ್ಕಾರದ ಮನ್ನಣೆ ಇಲ್ಲವೆ ಅನುದಾನ ಪಡೆದ ಶಾಲೆಯಲ್ಲಿ ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧೆಗೆ ಕೂಡಿಸಬಾರದೆಂದು ಸಂವಿಧಾನದ 28ನೆಯ ವಿಧಿಯೇ ಹೇಳಿದೆ. ಅನುದಾನಿತ ಶಾಲೆ ಧರ್ಮ, ಜಾತಿ, ಭಾಷೆ ಇಷ್ಟನ್ನೇ ಕಾರಣ ಮಾಡಿ ಪ್ರವೇಶ ನಿರಾಕರಿಸಬಾರದೆಂದು 29ನೆಯ ವಿಧಿ ಹೇಳಿದೆ. ತೊಂದರೆಯಿದ್ದರೆ ಒಂದು ಅರ್ಜಿ ಸಾಕು, ಕಲ್ಲು ಬೇಡ. ಹಿಂದೂ ಕೂಲಿ, ಮುಸಲ್ಮಾನ ಕೂಲಿ, ಕ್ರೈಸ್ತ ಕೂಲಿ ಎಂದು ನಮ್ಮನ್ನು ಒಡೆಯುವವನು ಯಾವ ಬಣ್ಣದ ಬಾವುಟ ಹಿಡಿದರೂ ಮಾಲೀಕನ ಕೆಲಸವನ್ನೇ ಮಾಡುತ್ತಿದ್ದಾನೆ.

ಕೊನೆಗೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಸರ್ಕಾರಿ ಶಾಲೆ ಕೆಟ್ಟಿತು ಎನ್ನುತ್ತೇವೆ. ಅದು ಕೆಡುವಾಗ ನಾವೆಲ್ಲಿದ್ದೆವು? ಸ್ವಲ್ಪ ಕೈಯಾಡಿದ ಕೂಡಲೆ ನಮ್ಮಲ್ಲೇ ಬಾಯಿಯಿದ್ದವರು ಮಕ್ಕಳನ್ನು ಬಿಡಿಸಿಕೊಂಡು ಹೋದೆವು. ಬಾಯಿಲ್ಲದವರ ಮಕ್ಕಳು ಉಳಿದರು. ಬಾಯಿಲ್ಲದವರ ಶಾಲೆಗೆ ಸರ್ಕಾರ ಏಕೆ ಹೆದರಬೇಕು? ಎಷ್ಟೋ ಸರ್ಕಾರಿ ಶಾಲೆಗಳು ಏಳಕ್ಕೇ ನಿಲ್ಲುತ್ತವೆ. ಎಂಟಕ್ಕೆ ಮತ್ತೊಂದು ಶಾಲೆ ಹುಡುಕಬೇಕು. ಅಲ್ಲಿಯೇ ಹೆಣ್ಣುಮಕ್ಕಳ ಓದು ತುಂಡಾಗುತ್ತದೆ. ಖಾಸಗಿಯವರದ್ದು ಒಂದನೆಯದರಿಂದ ಹತ್ತರವರೆಗೆ ಒಂದೇ ಗೇಟು. ಜನ ಅಲ್ಲಿಗೆ ಹೋಗುವುದರಲ್ಲಿ ಆಶ್ಚರ್ಯವೇನು? ನೆರೆಹೊರೆಯ ಎಲ್ಲ ಮಕ್ಕಳಿಗೂ ಒಂದೇ ಶಾಲೆ ಇರಬೇಕೆಂದು 1966ರಲ್ಲೇ ಕೊಠಾರಿ ಆಯೋಗ ಹೇಳಿತು, 1968ರ ರಾಷ್ಟ್ರೀಯ ನೀತಿ ಒಪ್ಪಿತು. ಸಮಾಜವಾದಿಗಳು ಇದನ್ನು ಬೀದಿಬೀದಿಯಲ್ಲಿ ಕೂಗಿದರು. ಅದು ಇನ್ನೂ ಆಗಬೇಕಾಗಿಯೇ ಉಳಿದಿದೆ.

ಆದ್ದರಿಂದ ಈ ಸಭೆ ಮುಗಿಯುವ ಮುಂಚೆ ಕೆಲವು ಕೆಲಸ ಗೊತ್ತುಮಾಡಿಕೊಳ್ಳೋಣ.

ಒಂದು: ಓಣಿಗೊಬ್ಬರಂತೆ ತಂದೆತಾಯಿಯರು ಸೇರಿ, ಮಿಶನ್ ಆವರಣದ ಅನುದಾನಿತ ಕನ್ನಡ ಶಾಲೆಯ ಖಾಲಿ ಜಾಗಗಳನ್ನು ತುಂಬಬೇಕೆಂದು ಶಿಕ್ಷಣ ಇಲಾಖೆಗೆ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಆಡಳಿತ ಮಂಡಲಿಯ ಸಹಿಯನ್ನೂ ಕೇಳಬೇಕು. ಕೊಟ್ಟರೆ ಸಂತೋಷ, ಕೊಡದಿದ್ದರೆ ಏಕೆಂದು ಕೇಳಬೇಕು.

ಎರಡು: ಆಡಳಿತ ಮಂಡಲಿಯವರನ್ನು ಗೌರವದಿಂದ ಕಂಡು, ಕಾನೂನು ಬಲವಂತ ಮಾಡದಿದ್ದರೂ ತಮ್ಮ ಹಿರಿಯರ ಧರ್ಮಕ್ಕಾಗಿ ಇಂಗ್ಲಿಷ್ ಶಾಲೆಯ ಆರನೆಯ ತರಗತಿಯಲ್ಲಿ ಕಾರ್ಮಿಕರ ಮಕ್ಕಳಿಗೆ ಉಚಿತ ಜಾಗ ಬಿಡಬೇಕೆಂದೂ, ತಂದೆತಾಯಿಯ ಪರೀಕ್ಷೆ ನಿಲ್ಲಿಸಬೇಕೆಂದೂ ಕೇಳಬೇಕು.

ಮೂರು: ಫೀಯ ಪೂರ್ಣ ಪಟ್ಟಿಯನ್ನು ಗೇಟಿನ ಮೇಲೆ ಅಂಟಿಸಬೇಕು. ರಶೀದಿ ಇಲ್ಲದೆ ಒಂದು ಪೈಸೆಯನ್ನೂ ನಾವು ಕೊಡಬಾರದು.

ನಾಲ್ಕು: ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿಗೆ ನಮ್ಮವರು ನಿಲ್ಲಬೇಕು. ಪುಢಾರಿಗಳ ಚೇಲಾಗಳಿಗೆ ಅದನ್ನು ಬಿಟ್ಟುಕೊಟ್ಟದ್ದು ಸಾಕು. ಏಳಕ್ಕೆ ನಿಂತ ಶಾಲೆಗೆ ಎಂಟನೆಯದು ಬೇಕೆಂದು ಅಲ್ಲಿಂದಲೇ ಠರಾವು ಹೋಗಲಿ.

ಐದು: ಸಂಘದ ಈ ಕೋಣೆಯಲ್ಲಿ ವಾರಕ್ಕೆರಡು ಸಂಜೆ ಆರು, ಏಳು, ಎಂಟರ ಮಕ್ಕಳಿಗೆ ಪಾಠ ನಡೆಯಲಿ. ಇಂಗ್ಲಿಷ್ ಹೇಳಿಕೊಡಲು ಓದಿದ ತರುಣರು ಬರಲಿ. ಲೆಕ್ಕ ಹೇಳಿಕೊಡಲು ರಿಂಗ್ ಖಾತೆಯವರೂ ಕಿರಾಣಿ ಅಂಗಡಿಯವರೂ ಬರಲಿ. ಕೌಂಟಿನ ಲೆಕ್ಕ ಕಪ್ಪುಹಲಗೆಯ ಮೇಲೆ ಬರಲಿ.

ಧಾರವಾಡದ ಆ ಹುಡುಗ ಒಬ್ಬನೇ ಅರ್ಜಿ ಬರೆದ. ಅವನ ಬೆನ್ನಿಗೆ ಸಂಘವಿರಲಿಲ್ಲ, ಬಾವುಟವಿರಲಿಲ್ಲ. ಆದರೂ ಅವನ ಕಾಗದ ಲಂಡನ್ನಿನವರೆಗೆ ನಡೆಯಿತು. ನಾವು ಇಲ್ಲಿ ಇಷ್ಟು ಜನ ಇದ್ದೇವೆ. ಬಾಗಿಲಲ್ಲಿ ಅರ್ಜಿಯ ನಕಲು ಇಟ್ಟಿದೆ. ಹೋಗುವಾಗ ಸಹಿ ಮಾಡಿ ಹೋಗಿ. ಕನ್ನಡದಲ್ಲೇ ಮಾಡಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ. ನಿಮ್ಮ ಮಗು ಒತ್ತಬಾರದೆಂದೇ ಇಂದು ನೀವು ಒತ್ತುತ್ತಿದ್ದೀರಿ.